ನಿಮ್ಮ ಟೇಬಲ್ಲಲ್ಲಿ ಇರಬೇಕಿದ್ದ ಕಾಲಂ ಇರ್ಲಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣೀಲಿ ಹವ್ಯಾಸಕ್ಕೆ ಎಲೆಕ್ಟ್ರಾನಿಕ್ಸ್ ಮಾಡೋರಿಗೆ ಅಂತ ಒಂದು ಪುಟ ಬಂದಿತ್ತಲ್ಲ, ಯಾವ ಬೋರ್ಡ್ (ಮೈಕ್ರೋಕಂಟ್ರೋಲರ್ ಅಂತ, ಪ್ರೋಗ್ರಾಂ ಹಾಕಿ ಓಡಿಸೋ ಚಿಪ್ಪು ಕೂತಿರೋ ಹಲಗೆ) ತಗೋಬೇಕು ಯಾವ ಪ್ರೋಗ್ರಾಮಿಂಗ್ ಭಾಷೆ ಕಲೀಬೇಕು ಅಂತ, ಅದರ ಬಗ್ಗೆ ಈ ಕಾಗದ. ಮೊದಲು ಖುಷಿ ಆಯ್ತು ಅಂತ ಹೇಳ್ಬಿಡ್ತೀನಿ, ಕನ್ನಡ ಪೇಪರೊಂದು ಈ ವಿಷಯಕ್ಕೆ ಪೂರ್ತಿ ಪುಟ ಕೊಟ್ಟಿದ್ದನ್ನ ನಾನಂತೂ ನೋಡಿರ್ಲಿಲ್ಲ. ಆಮೇಲೆ ಮಧ್ಯದಲ್ಲಿದ್ದ ಟೇಬಲ್ ಓದ್ದೆ, ಖುಷಿ ಅರ್ಧಕ್ಕರ್ಧ ಇಳೀತು.

ಅದೇ ಪುಟ ಹಿಡ್ಕೊಂಡು ನಮ್ಮ ಅಕ್ಕನ ಮಗಳು ಬಂದ್ಲು. ಟೇಬಲ್ಲಲ್ಲಿ 240 ಮೆಗಾಹರ್ಟ್ಸ್ ಅಂತ ಇದ್ದ ಇಎಸ್‌ಪಿ32 ಬೋರ್ಡಿನ ಸಾಲಿಗೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ದಾಳೆ. "ಮಾಮ, ಇದೇ ಬೆಸ್ಟು ಅಲ್ವಾ?" ಅಂದ್ಲು. ಯಾತಕ್ಕೆ ಬೇಕು ಅಂದೆ. ಕುಂಡದಲ್ಲಿ ಮಣ್ಣು ಒಣಗಿದ್ರೆ ಒಂದು ಎಲ್ಇಡಿ ಹತ್ತಬೇಕಂತೆ, ಅಷ್ಟೇ. ಮಣ್ಣು ಒಣಗೋಕೆ ದಿನಗಟ್ಟಲೆ ಬೇಕು, ಇವಳು ನೋಡ್ತಿರೋ ಚಿಪ್ಪು ಸೆಕೆಂಡಿಗೆ ಇಪ್ಪತ್ನಾಲ್ಕು ಕೋಟಿ ಸಲ ಟಿಕ್ ಅನ್ನುತ್ತೆ. ಟೇಬಲ್ಲಿನ ಕೊನೇ ಸಾಲಲ್ಲಿ ಪಾಪದವನ ತರ ಕೂತಿರೋ ಆರ್ಡುಯಿನೋ ಯೂನೋ 16 ಮೆಗಾಹರ್ಟ್ಸ್, ಅದೂ ಸೆಕೆಂಡಿಗೆ ಒಂದು ಕೋಟಿ ಅರವತ್ತು ಲಕ್ಷ ಟಿಕ್ಕು. ಕುಂಡ ಕಾಯೋ ಕೆಲಸಕ್ಕೆ ಅದೂ ಸುಮ್ನೆ ಕೂತು ಆಕಳಿಸ್ತಾ ಇರುತ್ತೆ.

ಅವಳದೇನೂ ತಪ್ಪಿಲ್ಲ ಬಿಡಿ, ನಿಮ್ಮ ಟೇಬಲ್ ಕೇಳಿದ್ದೇ ಆ ಪ್ರಶ್ನೆ. ಮೆಗಾಹರ್ಟ್ಸ್ ಎಷ್ಟು, ಮೆಮೊರಿ ಎಷ್ಟು, ಪಿನ್ನು ಎಷ್ಟು, ಇಷ್ಟೇ ಇರೋದು. ಅದರಲ್ಲಿ ಮೆಮೊರಿ ಕಾಲಂ ಅಂತೂ ನೇರವಾಗಿ ತಪ್ಪು. ಯೂನೋಗೆ 32 ಕೆಬಿ ಅಂತ ಹಾಕಿದ್ದೀರಿ, ರಾಸ್ಪ್‌ಬೆರಿ ಪೈ ಪಿಕೋಗೆ 2 ಎಂಬಿ ಅಂತ ಹಾಕಿದ್ದೀರಿ, ಇಎಸ್‌ಪಿ32ಗೆ 520 ಕೆಬಿ. ಮೊದಲೆರಡು ಫ್ಲಾಶ್, ಅಂದ್ರೆ ಪ್ರೋಗ್ರಾಂ ಕೂರೋ ಜಾಗ, ಕರೆಂಟ್ ಹೋದ್ರೂ ಹಾಗೇ ಇರುತ್ತೆ. ಮೂರನೇದು ರ‍್ಯಾಮ್, ಪ್ರೋಗ್ರಾಂ ಓಡ್ವಾಗ ಕೈಗೆ ಸಿಗೋ ಜಾಗ, ಕರೆಂಟ್ ಹೋದ್ರೆ ಎಲ್ಲಾ ಅಳಿಸಿ ಹೋಗುತ್ತೆ. ಗೋಡೌನನ್ನೂ ಮೇಜನ್ನೂ ಒಂದೇ ಅಳತೇಲಿ ಅಳೆದು ಯಾವುದು ದೊಡ್ಡದು ಅಂತ ಕೇಳಿದ ಹಾಗಾಯ್ತು. ರ‍್ಯಾಮಿಗೆ ರ‍್ಯಾಮ್ ಇಟ್ಟು ನೋಡಿದ್ರೆ ಯೂನೋಲಿರೋ ಎಟಿಮೆಗಾ328ಪಿ ಚಿಪ್ಪಿಗೆ ಬರೀ 2 ಕೆಬಿ, ಪಿಕೋಲಿರೋ ಆರ್‌ಪಿ2040ಕ್ಕೆ 264 ಕೆಬಿ, ಇಎಸ್‌ಪಿ32ಗೆ 520 ಕೆಬಿ. ಲೆಕ್ಕಾನೇ ಬೇರೆ ಆಗುತ್ತೆ.

ಈ 2 ಕೆಬಿ ಅನ್ನೋದು ಎಷ್ಟು ಚಿಕ್ಕದು ಅಂತ ನನಗೆ ಅರ್ಥ ಆಗಿದ್ದು ಒಂದು ಪುಟ್ಟ ಓಎಲ್ಇಡಿ ಡಿಸ್‌ಪ್ಲೇಯಿಂದ. 128 ಅಡ್ಡ, 64 ಉದ್ದ ಚುಕ್ಕಿ ಇರೋದು. ಒಂದೊಂದು ಚುಕ್ಕಿಗೆ ಒಂದೊಂದು ಬಿಟ್ ಅಂದ್ರೂ 8192 ಬಿಟ್ಟು, ಅಂದ್ರೆ 1024 ಬೈಟು, ಯೂನೋದ ರ‍್ಯಾಮಲ್ಲಿ ಸರಿಯಾಗಿ ಅರ್ಧ ಇದೊಂದಕ್ಕೇ ಹೋಯ್ತು. ನನಗೆ ಅದು ಗೊತ್ತಿರ್ಲಿಲ್ಲ. ಕಂಪೈಲ್ ಮಾಡಿದ್ರೆ, ಅಂದ್ರೆ ಬರೆದಿದ್ದನ್ನ ಚಿಪ್ಪಿಗೆ ಅರ್ಥ ಆಗೋ ಹಾಗೆ ಬದಲಾಯಿಸಿದ್ರೆ, ಕೆಳಗಡೆ ಮೆಮೊರಿ ಇನ್ನೂ ಬೇಕಾದಷ್ಟಿದೆ ಅಂತ ತೋರಿಸುತ್ತೆ, ಅಪ್‌ಲೋಡ್ ಆಗುತ್ತೆ, ಡಿಸ್‌ಪ್ಲೇ ಮಾತ್ರ ಕಪ್ಪಗೆ. ವೈರು ಬದಲಾಯಿಸ್ದೆ, ಡಿಸ್‌ಪ್ಲೇ ಬದಲಾಯಿಸ್ದೆ, ಬೋರ್ಡೇ ಬದಲಾಯಿಸ್ದೆ, ಎರಡು ರಾತ್ರಿ ಹೋಯ್ತು. ಆಮೇಲೆ ತಿಳಿದಿದ್ದು ಏನು ಅಂದ್ರೆ ಡಿಸ್‌ಪ್ಲೇ ನಡೆಸೋ ಲೈಬ್ರರಿ, ಅಂದ್ರೆ ಬೇರೆಯೋರು ಬರೆದಿಟ್ಟ ರೆಡಿ ಕೋಡು, 1024 ಬೈಟು ಕೇಳೋದು ಪ್ರೋಗ್ರಾಂ ಓಡೋಕೆ ಶುರುವಾದ ಮೇಲೆ, ಕಂಪೈಲರ್ ಹೇಳಿದ ಲೆಕ್ಕದಲ್ಲಿ ಅದು ಸೇರೇ ಇಲ್ಲ, ಜಾಗ ಸಿಗದೇ ಇದ್ರೆ ಅದು ಫಾಲ್ಸ್ ಅಂತ ವಾಪಸ್ ಹೇಳುತ್ತೆ, ನಾನು ಆ ಉತ್ತರ ನೋಡೋ ಸಾಲನ್ನೇ ಬರೆದಿರ್ಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಇಲ್ಲಿ ಹಾಸಿಗೆ ಎಲ್ಲಿಗೆ ಮುಗೀತು ಅನ್ನೋದೇ ಕತ್ತಲಲ್ಲಿ ಕಾಣ್ತಿರ್ಲಿಲ್ಲ.

ಈಗ ನಾನು ಈ ಕಾಗದ ಬರೆಯೋಕೆ ಕಾರಣವಾದ ಮಾತಿಗೆ ಬರ್ತೀನಿ. ನಾನು ಇಂಜಿನಿಯರ್ ಅಲ್ಲ, ಹಗಲು ಲೆಕ್ಕಪತ್ರದ ಕೆಲಸ, ರಾತ್ರಿ ಸೋಲ್ಡರಿಂಗ್. ಹಾಗಾಗಿ ನನ್ನ ಕೈಯಲ್ಲಿ ಏನಾದ್ರೂ ಒಂದು ಕೆಟ್ಟೇ ಕೆಡುತ್ತೆ. ಬೋರ್ಡು, ಭಾಷೆ ಎರಡನ್ನೂ ನಾನು ಈಗ ಒಂದೇ ಪ್ರಶ್ನೆ ಇಟ್ಕೊಂಡು ಆರಿಸ್ತೀನಿ: ಇದು ಕೆಟ್ಟಾಗ ಅದು ನನಗೆ ಯಾವಾಗ ಗೊತ್ತಾಗುತ್ತೆ, ಹೇಗೆ ಗೊತ್ತಾಗುತ್ತೆ? ನಿಮ್ಮ ಟೇಬಲ್ಲಲ್ಲಿ ಇಲ್ಲದೇ ಇದ್ದ ಕಾಲಂ ಅಂದ್ರೆ ಇದೇ.

ಒಂದು ಉದಾಹರಣೆ ಬಿಡಿಸಿ ಹೇಳ್ತೀನಿ. ಆರ್ಡುಯಿನೋಲಿ ಮಿಲಿಸ್ ಅಂತ ಒಂದು ಫಂಕ್ಷನ್ ಇದೆ, ಬೋರ್ಡ್ ಆನ್ ಆಗಿ ಎಷ್ಟು ಮಿಲಿಸೆಕೆಂಡ್ ಆಯ್ತು ಅಂತ ಹೇಳುತ್ತೆ. ಐದು ಸೆಕೆಂಡಿಗೊಂದ್ಸಲ ಬಜರ್ ಬೀಪ್ ಅನ್ನಬೇಕು ಅಂತ ನಾನು ಒಂದು ಪ್ರೋಗ್ರಾಂ ಬರೆದೆ, ಹಿಂದಿನ ಬೀಪಿನ ಟೈಮನ್ನ ಇಂಟ್ ಅನ್ನೋ ಜಾತಿಯ ವೇರಿಯಬಲ್ಲಲ್ಲಿ, ಅಂದ್ರೆ ಸಂಖ್ಯೆ ಇಡೋ ಡಬ್ಬೀಲಿ, ಇಟ್ಟೆ, ಈಗಿನ ಟೈಮಿಂದ ಅದನ್ನ ಕಳೆದು 5000ಕ್ಕಿಂತ ಜಾಸ್ತಿ ಆಗಿದ್ರೆ ಮತ್ತೆ ಬೀಪ್. ಐದು, ಹತ್ತು, ಹದಿನೈದು, ಮೂವತ್ತನೇ ಸೆಕೆಂಡ್ ತನಕ ಗಡಿಯಾರ ಇಟ್ಟ ಹಾಗೆ ಬಂತು. ಮೂವತ್ತೈದನೇ ಸೆಕೆಂಡಿಗೆ ಶುರುವಾದ ಬೀಪು ನಿಲ್ಲಲೇ ಇಲ್ಲ, ಒಂದೇ ಸಮ ಕುಯ್ಯೋ ಅಂತ ಮನೆಯೋರೆಲ್ಲಾ ಎದ್ದು ಬಂದ್ರು. ಆಗಿದ್ದೇನಪ್ಪಾ ಅಂದ್ರೆ ಯೂನೋ ಮೇಲೆ ಇಂಟ್ ಅಂದ್ರೆ 16 ಬಿಟ್ಟು, ಅದರಲ್ಲಿ ಹಿಡಿಸೋ ದೊಡ್ಡ ಸಂಖ್ಯೆ 32767. ಅಂದ್ರೆ ಮೂವತ್ತೆರಡೂ ಮುಕ್ಕಾಲು ಸೆಕೆಂಡು. ಮೂವತ್ತೈದು ಸಾವಿರ ಅಂತ ತುಂಬೋಕೆ ಹೋದ್ರೆ ಅದು ಮೈನಸ್ ಆಗ್ಬಿಡುತ್ತೆ, ಮೈನಸ್ಸನ್ನ ಕಳೆದ್ರೆ ಪ್ಲಸ್ಸು, ವ್ಯತ್ಯಾಸ 65 ಸಾವಿರ ಚಿಲ್ಲರೆ ಅಂತ ಬರುತ್ತೆ, ಅದು ಯಾವಾಗ್ಲೂ 5000ಕ್ಕಿಂತ ಜಾಸ್ತೀನೇ. ಇದೇ ಪ್ರೋಗ್ರಾಮನ್ನ ಒಂದಕ್ಷರ ಬದಲಾಯಿಸದೆ ಇಎಸ್‌ಪಿ32 ಮೇಲೆ ಹಾಕಿದ್ರೆ ಮೂವತ್ತೈದನೇ ಸೆಕೆಂಡಲ್ಲಿ ಏನೂ ಆಗಲ್ಲ, ಅಲ್ಲಿ ಇಂಟ್ 32 ಬಿಟ್ಟು. ತಪ್ಪು ನನ್ನದೇ, ಎರಡು ಕಡೇನೂ ಅದೇ ತಪ್ಪು, ಆದ್ರೆ ಒಂದು ಬೋರ್ಡು ಅದನ್ನ ಅರ್ಧ ನಿಮಿಷದಲ್ಲಿ ಕಿರುಚಿ ಹೇಳ್ತು, ಇನ್ನೊಂದು ಬಾಯೇ ಬಿಡ್ಲಿಲ್ಲ.

ಹಾಗಂತ ಚಿಕ್ಕ ಬೋರ್ಡೇ ಒಳ್ಳೇದು ಅಂತ ಹೇಳ್ತಿಲ್ಲ, ಕೇಳಿ. ಆ ಮಿಲಿಸ್ ಫಂಕ್ಷನ್ನಿನ ಲೆಕ್ಕಾನೂ 32 ಬಿಟ್ಟು, 49 ದಿನ ಹದಿನೇಳು ಗಂಟೆ ಆದ್ಮೇಲೆ ಮತ್ತೆ ಸೊನ್ನೆಯಿಂದ ಶುರುವಾಗುತ್ತೆ. ಈಗಿನ ಟೈಮಿಂದ ಹಳೇ ಟೈಮನ್ನ ಕಳೆಯೋ ಹಾಗೆ ಬರೆದು, ವೇರಿಯಬಲ್ಲನ್ನೂ ಅನ್‌ಸೈನ್ಡ್ ಲಾಂಗ್ (ಮೈನಸ್ ಇಲ್ಲದ 32 ಬಿಟ್ಟಿನ ಸಂಖ್ಯೆ) ಅಂತ ಇಟ್ಟಿದ್ರೆ ಅದು ತಾನಾಗೇ ಸರಿ ಹೋಗುತ್ತೆ, ಅದು ಬಿಟ್ಟು ಇಷ್ಟು ಟೈಮ್ ದಾಟಿದ್ರೆ ಮಾಡು ಅಂತ ನೇರವಾಗಿ ಹೋಲಿಸಿ ಬರೆದಿದ್ರೆ ಐವತ್ತನೇ ದಿನ ಏನೋ ಒಂದು ಎಡವಟ್ಟು ಕಾದಿರುತ್ತೆ. ಮೈಕ್ರೋಪೈಥಾನಲ್ಲಿ, ಅಂದ್ರೆ ಈ ಚಿಕ್ಕ ಬೋರ್ಡುಗಳಿಗೆ ಅಂತ ಮಾಡಿದ ಪೈಥಾನ್ ಭಾಷೇಲಿ, ಸಂಖ್ಯೆ ಎಷ್ಟು ದೊಡ್ಡದಾದ್ರೂ ಹಿಡಿಸುತ್ತೆ, ಆದ್ರೆ ಅಲ್ಲೂ ಟಿಕ್ಸ್ ಎಂಎಸ್ ಅನ್ನೋ ಮಿಲಿಸೆಕೆಂಡ್ ಲೆಕ್ಕ ಸುತ್ತು ಹೊಡೀತದೆ, ಪಿಕೋ ಮೇಲೆ ಹನ್ನೆರಡು ದಿನ ಚಿಲ್ಲರೆಗೆ. ಅದಕ್ಕೇ ಅಂತಲೇ ಟಿಕ್ಸ್ ಡಿಫ್ ಅಂತ ಬೇರೆ ಫಂಕ್ಷನ್ ಕೊಟ್ಟಿದ್ದಾರೆ, ಎಷ್ಟೋ ಜನ ಅದನ್ನ ಬಿಟ್ಟು ಸೀದಾ ಮೈನಸ್ ಹಾಕ್ತಾರೆ. ಮೂವತ್ತೈದು ಸೆಕೆಂಡಿಗೆ ಬರೋ ತೊಂದ್ರೆ, ಹನ್ನೆರಡು ದಿನಕ್ಕೆ ಬರೋ ತೊಂದ್ರೆ, ಐವತ್ತು ದಿನಕ್ಕೆ ಬರೋ ತೊಂದ್ರೆ. ನನ್ನನ್ನ ಕೇಳಿದ್ರೆ ಮೊದಲನೇದೇ ಪುಣ್ಯಾತ್ಮ.

ಇನ್ನು ವೋಲ್ಟೇಜ್. ನಿಮ್ಮ ಪುಟದಲ್ಲಿ ಇದರ ಸುದ್ದೀನೇ ಇಲ್ಲ, ನನಗೆ ಬೇಜಾರಾಗಿದ್ದು ಅದಕ್ಕೇ. ಯೂನೋ 5 ವೋಲ್ಟಿನ ಬೋರ್ಡು, ಪಿಕೋ, ಇಎಸ್‌ಪಿ32 ಎರಡೂ 3.3 ವೋಲ್ಟು. ದೂರ ಅಳೆಯೋ ಅಲ್ಟ್ರಾಸಾನಿಕ್ ಸೆನ್ಸಾರ್ ಒಂದಿದೆಯಲ್ಲ, ಎರಡು ಕಣ್ಣಿನ ತರ ಇರೋದು, ಎಚ್‌ಸಿ-ಎಸ್‌ಆರ್04, ಹೊಸಬರ ಕೈಗೆ ಮೊದಲು ಸಿಗೋದೇ ಅದು, ಅದರ ಎಕೋ ಪಿನ್ನು, ಅಂದ್ರೆ ಉತ್ತರ ಕೊಡೋ ಪಿನ್ನು, 5 ವೋಲ್ಟ್ ಹೊರಗೆ ಬಿಡುತ್ತೆ. ಯೂನೋಗೆ ಕೊಟ್ರೆ ಪರವಾಗಿಲ್ಲ. ಪಿಕೋಗೆ ನೇರ ಕೊಟ್ರೆ ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ. ನಾನು ಒಂದು ಪಿಕೋದ ಪಿನ್ನು ಹಾಗೇ ಕಳಕೊಂಡಿದ್ದೀನಿ, ಅದೂ ಮೊದಲ ದಿನವೇ ಸತ್ತಿದ್ರೆ ಬುದ್ಧಿ ಬರ್ತಿತ್ತು, ಒಂದು ವಾರ ಚೆನ್ನಾಗೇ ಓಡಿ ಆಮೇಲೆ ಯಾವಾಗ್ಲೂ 1 ಅಂತಲೇ ಓದೋಕೆ ಶುರು ಮಾಡ್ತು, ನಾನು ಕೋಡಲ್ಲಿ ತಪ್ಪು ಹುಡುಕ್ತಾ ಕೂತೆ. ಮಾಡಬೇಕಿದ್ದಿದ್ದು ಎರಡು ರೆಸಿಸ್ಟರ್ ಕೆಲಸ: ಎಕೋಯಿಂದ 1 ಕಿಲೋ ಓಮ್, ಅಲ್ಲಿಂದ ಗ್ರೌಂಡಿಗೆ 2 ಕಿಲೋ ಓಮ್, ಮಧ್ಯದಿಂದ ಬೋರ್ಡಿಗೆ ತಂತಿ, ಅಲ್ಲಿ 3.3 ಸಿಗುತ್ತೆ. ಇಷ್ಟನ್ನ ಟೇಬಲ್ ಕೆಳಗೆ ಒಂದು ಸಾಲು ಹಾಕಿದ್ರೆ ಎಷ್ಟು ಪಿನ್ನು ಉಳೀತಿದ್ವೋ.

ಅಕ್ಕನ ಮಗಳು ಸುತ್ತು ಹಾಕಿದ್ದ ಇಎಸ್‌ಪಿ32 ಬಗ್ಗೆ ಸ್ವಲ್ಪ ಜಾಸ್ತೀನೇ ಬರೀತೀನಿ, ಯಾಕಂದ್ರೆ ವೈಫೈ ಬ್ಲೂಟೂತ್ ಎರಡೂ ಒಂದೇ ಚಿಪ್ಪಲ್ಲಿ ಇರೋದ್ರಿಂದ 2016ರಲ್ಲಿ ಬಂದಾಗಿಂದ ಎಲ್ಲರೂ ಅದನ್ನೇ ಹಿಡೀತಾರೆ, ನನ್ನ ಹತ್ರಾನೂ ನಾಲ್ಕಿದೆ, ಇಷ್ಟಾನೂ ಇದೆ. ಆದ್ರೆ ಅದರ ಪಿನ್ನುಗಳಿಗೆ ಒಂದೊಂದಕ್ಕೂ ಒಂದೊಂದು ಹಟ. 34ರಿಂದ 39ರ ತನಕ ಇರೋವು ಬರೀ ಓದೋಕೆ, ಅದರಿಂದ ಎಲ್ಇಡಿ ಹತ್ತಿಸೋಕೆ ಆಗಲ್ಲ, ಒಳಗೆ ಪುಲ್ ಅಪ್ಪೂ (ಖಾಲಿ ಪಿನ್ನನ್ನ ಹೈ ಕಡೆ ಹಿಡಿದಿಡೋ ರೆಸಿಸ್ಟರ್) ಇಲ್ಲ. 6ರಿಂದ 11 ಒಳಗಿನ ಫ್ಲಾಶಿಗೆ ಸೇರಿದ್ದು, ಮುಟ್ಟಿದ್ರೆ ಬೋರ್ಡೇ ನಿಲ್ಲುತ್ತೆ. 12ನೇ ಪಿನ್ನಿಗೆ ಆನ್ ಆಗೋ ಹೊತ್ತಲ್ಲಿ ಹೈ ಸಿಕ್ಕಿದ್ರೆ ಫ್ಲಾಶಿಗೆ 1.8 ವೋಲ್ಟ್ ಸಾಕು ಅಂತ ತಿಳ್ಕೊಂಡು ಸಾಮಾನ್ಯ ಮಾಡ್ಯೂಲ್‌ಗಳು ಬೂಟೇ ಆಗಲ್ಲ. ಅಂದ್ರೆ ನಿಮ್ಮ ಕೋಡ್ ಸರಿ, ವೈರಿಂಗ್ ಸರಿ, ಅಪ್‌ಲೋಡೂ ಆಗಿತ್ತು, ಸೆನ್ಸಾರ್ ಸಿಕ್ಕಿಸಿ ಕರೆಂಟ್ ಕೊಟ್ರೆ ಮಾತ್ರ ಏಳಲ್ಲ, ಸೆನ್ಸಾರ್ ಕಿತ್ತರೆ ಏಳುತ್ತೆ. ಇನ್ನೊಂದು, ಅನಲಾಗ್ ಓದೋ, ಅಂದ್ರೆ ವೋಲ್ಟೇಜ್ ಎಷ್ಟಿದೆ ಅಂತ ಅಳೆಯೋ, ಪಿನ್ನುಗಳು ಎರಡು ಗುಂಪು ಇದಾವೆ, ಎರಡನೇ ಗುಂಪು ವೈಫೈ ಆನ್ ಇದ್ದಾಗ ಕೈಗೆ ಸಿಗಲ್ಲ. ನಾನು ಮಣ್ಣಿನ ಸೆನ್ಸಾರನ್ನ ಆ ಗುಂಪಿನ ಒಂದು ಪಿನ್ನಿಗೆ ಹಾಕಿ ಎಲ್ಲಾ ಟೆಸ್ಟ್ ಮಾಡಿ ಸಂತೋಷಪಟ್ಟು ಕೊನೇಗೆ ವೈಫೈ ಸಾಲು ಸೇರಿಸಿದೆ ನೋಡಿ, ಕುಂಡ ಪರ್ಮನೆಂಟಾಗಿ ಒಣಗಿಹೋಯ್ತು! ಕುಂಡ ಹಸಿಯಾಗೇ ಇತ್ತು, ಬೋರ್ಡಿಗೆ ಮಾತ್ರ ಬರಗಾಲ.

ಬ್ಯಾಟರಿ ವಿಷಯಕ್ಕೆ ಬಂದ್ರೆ ಇಲ್ಲೊಂದು ಮೋಸ ಅನ್ನಲ್ಲ, ಆದ್ರೆ ಅರ್ಧ ಸತ್ಯ ಇದೆ. ಡೀಪ್ ಸ್ಲೀಪಲ್ಲಿ, ಅಂದ್ರೆ ಬಹುಪಾಲು ಆಫ್ ಮಾಡಿ ಮಲಗಿಸಿದಾಗ, ಇಎಸ್‌ಪಿ32 ಸುಮಾರು 10 ಮೈಕ್ರೋ ಆಂಪ್ ಅಷ್ಟೇ ತಗೊಳ್ಳುತ್ತೆ ಅಂತ ಎಲ್ಲಾ ಕಡೆ ಬರೀತಾರೆ, ಚಿಪ್ಪಿನ ಮಟ್ಟಿಗೆ ನಿಜ. 2000 ಮಿಲಿ ಆಂಪ್ ಅವರ್ ಬ್ಯಾಟರಿಗೆ ಆ ಲೆಕ್ಕ ಹಾಕಿದ್ರೆ ಎರಡು ಲಕ್ಷ ಗಂಟೆ, ಇಪ್ಪತ್ತೆರಡು ವರ್ಷದ ಮೇಲೆ! ಬ್ಯಾಟರಿ ತಾನಾಗೇ ಅಷ್ಟು ವರ್ಷ ಬದುಕಲ್ಲ. ಆದ್ರೆ ನಾವು ತಗೊಳ್ಳೋದು ಬರೀ ಚಿಪ್ಪಲ್ಲ, ಬೋರ್ಡು. ಅದರ ಮೇಲೆ ಆರದ ಒಂದು ಕೆಂಪು ಎಲ್ಇಡಿ, ಒಂದು ವೋಲ್ಟೇಜ್ ರೆಗ್ಯುಲೇಟರ್, ಯುಎಸ್‌ಬಿ ಚಿಪ್ಪು, ಇವು ಮೂರೂ ಮಲಗಲ್ಲ. ಇವೆಲ್ಲಾ ಸೇರಿ 5 ಮಿಲಿ ಆಂಪ್ ತಿಂದ್ರೂ ಅದೇ ಬ್ಯಾಟರಿ 400 ಗಂಟೆ, ಹದಿನಾರು ದಿನ ಚಿಲ್ಲರೆ. ಇಪ್ಪತ್ತೆರಡು ವರ್ಷ ಎಲ್ಲಿ, ಹದಿನಾರು ದಿನ ಎಲ್ಲಿ. ವೈಫೈ ಆನ್ ಇಟ್ಟೇ ಬಿಟ್ರೆ, 80 ಮಿಲಿ ಆಂಪ್ ಅಂತ ಇಟ್ಕೊಂಡ್ರೂ ಇಪ್ಪತ್ತೈದು ಗಂಟೇಲಿ ಖಾಲಿ. ಮೇಲಾಗಿ ವೈಫೈಯಲ್ಲಿ ಡೇಟಾ ಕಳಿಸೋ ಗಳಿಗೇಲಿ ಅದು ಒಂದೇ ಸಲಕ್ಕೆ ನೂರಾರು ಮಿಲಿ ಆಂಪ್ ಎಳೆಯುತ್ತೆ, ಸಣ್ಣ ತಂತಿಯ ಸೋತ ಕೇಬಲ್ಲಿದ್ರೆ ವೋಲ್ಟೇಜ್ ಕುಸಿದು ಬೋರ್ಡ್ ರೀಸೆಟ್ ಆಗುತ್ತೆ, ಮತ್ತೆ ಎದ್ದು ವೈಫೈ ಹುಡುಕುತ್ತೆ, ಮತ್ತೆ ಬೀಳುತ್ತೆ. ಒಂದು ಮಾತಿಗೆ ಮಾತ್ರ ಅದಕ್ಕೆ ಶಹಬ್ಬಾಸ್ ಅನ್ನಬೇಕು, ಬಿದ್ದಾಗ ಸೀರಿಯಲ್ ಮಾನಿಟರಲ್ಲಿ, ಅಂದ್ರೆ ಬೋರ್ಡು ಕಳಿಸೋ ಮಾತು ಕಂಪ್ಯೂಟರಲ್ಲಿ ಕಾಣೋ ಕಿಟಕೀಲಿ, ಬ್ರೌನ್‌ಔಟ್ ಅಂತ ಬಾಯಿಬಿಟ್ಟು ಹೇಳುತ್ತೆ. ಯಾಕೆ ಬಿದ್ದೆ ಅಂತ ತಾನೇ ಹೇಳೋ ಬೋರ್ಡು ಅಂದ್ರೆ ನನಗೆ ಗೌರವ.

ಕೇಬಲ್ ಅಂದಾಗ ನೆನಪಾಯ್ತು. ಹೊಸಬರು ಬೋರ್ಡು ಡೆಡ್ ಅಂತ ತಂದು ತೋರಿಸಿದ್ರೆ ನಾನು ಮೊದಲು ಬದಲಾಯಿಸೋದೇ ಯುಎಸ್‌ಬಿ ಕೇಬಲ್ಲು. ಬರೀ ಚಾರ್ಜಿಂಗಿಗೆ ಅಂತ ಮಾಡಿರೋ ಕೇಬಲ್ಲಲ್ಲಿ ಡೇಟಾ ತಂತಿನೇ ಇರಲ್ಲ, ಎಲ್ಇಡಿ ಹತ್ತುತ್ತೆ, ಕಂಪ್ಯೂಟರಿಗೆ ಮಾತ್ರ ಬೋರ್ಡ್ ಕಾಣಲ್ಲ.

ಎಸ್‌ಟಿಎಂ32 ಅನ್ನೋ ಚಿಪ್ಪಿನ ಕುಟುಂಬದ ಬಗ್ಗೆ ನೀವು ಎರಡೇ ಸಾಲು ಬರೆದಿದ್ರಿ, ಅದರಲ್ಲೂ ಬ್ಲೂ ಪಿಲ್ ಅನ್ನೋ ನೀಲಿ ಬೋರ್ಡನ್ನ ಹೊಸಬರಿಗೆ ಅಂತ ಶಿಫಾರಸು ಮಾಡಿದ್ರಿ, ಇದಕ್ಕೆ ನನ್ನ ತಕರಾರಿದೆ. ಚಿಪ್ಪು ಒಳ್ಳೇದು, 72 ಮೆಗಾಹರ್ಟ್ಸ್, 20 ಕೆಬಿ ರ‍್ಯಾಮು. ಆದ್ರೆ ಅದರ ಹೆಸರಲ್ಲಿ ಓಡಾಡೋ ಬೋರ್ಡುಗಳಲ್ಲಿ ಎಷ್ಟೋ ನಕಲಿ, ಡೀಬಗರ್, ಅಂದ್ರೆ ಚಿಪ್ಪಿನ ಒಳಗೆ ಇಣುಕಿ ನೋಡೋ ಸಾಧನ, ಹಚ್ಚಿದ್ರೆ ಚಿಪ್ಪಿನ ಐಡಿ ನೋಡಿ ಇದು ಅದಲ್ಲ ಅಂತ ಮುಖ ತಿರುಗಿಸುತ್ತೆ, ಕೆಲವದರಲ್ಲಿ ಯುಎಸ್‌ಬಿ ಹತ್ರ 1.5 ಕಿಲೋ ಓಮ್ ಇರಬೇಕಿದ್ದ ಜಾಗದಲ್ಲಿ 10 ಕಿಲೋ ಓಮ್ ಕೂರಿಸಿರ್ತಾರೆ. ಹೊಸಬ ಇದನ್ನೆಲ್ಲಾ ಹೇಗೆ ಕಂಡುಹಿಡೀಬೇಕು ಹೇಳಿ. ಅದೇ ಕುಟುಂಬದ ನ್ಯೂಕ್ಲಿಯೋ ಬೋರ್ಡ್ ತಗೊಂಡ್ರೆ ಡೀಬಗರ್ ಅದರ ಮೇಲೇ ಇರುತ್ತೆ, ಪ್ರೋಗ್ರಾಮನ್ನ ಒಂದು ಸಾಲಲ್ಲಿ ನಿಲ್ಲಿಸಿ ಒಳಗೆ ವೇರಿಯಬಲ್ಲುಗಳು ಏನಾಗಿವೆ ಅಂತ ನೋಡ್ಬೋದು. ಇದನ್ನ ಒಂದ್ಸಲ ಕಂಡೋರಿಗೆ ಸೀರಿಯಲ್ ಪ್ರಿಂಟ್ ಹಾಕಿ ಹಾಕಿ ಹುಡುಕೋದು ಕಣ್ಣಿಗೆ ಬಟ್ಟೆ ಕಟ್ಕೊಂಡು ಓಡಾಡಿದ ಹಾಗೆ ಅನ್ಸುತ್ತೆ.

ಪಿಕೋ ನನಗೆ ಹತ್ತಿರ ಆಗಿದ್ದೂ ಇದೇ ಕಾರಣಕ್ಕೆ. 2021ರ ಜನವರೀಲಿ ಬಂದಿದ್ದು. ಬೂಟ್‌ಸೆಲ್ ಬಟನ್ ಒತ್ತಿ ಹಿಡ್ಕೊಂಡು ಯುಎಸ್‌ಬಿ ಚುಚ್ಚಿದ್ರೆ ಪೆನ್‌ಡ್ರೈವ್ ತರ ಕಾಣುತ್ತೆ, ಫೈಲ್ ಎಳೆದು ಬಿಟ್ರೆ ಮುಗೀತು, ಆ ಬೂಟ್ ಭಾಗ ಚಿಪ್ಪಿನ ರೋಮಲ್ಲೇ (ಆರ್ ಓ ಎಂ), ಅಂದ್ರೆ ಅಳಿಸೋಕೆ ಆಗದ ಕಡೆ ಇರೋದ್ರಿಂದ ನಮ್ಮ ಪ್ರೋಗ್ರಾಂ ಎಷ್ಟೇ ಕೆಟ್ಟದಾಗಿದ್ರೂ ಬೋರ್ಡನ್ನ ವಾಪಸ್ ತರ್ಬೋದು. ಇನ್ನೊಂದು ಪಿಕೋ ಇದ್ರೆ ಅದನ್ನೇ ಡೀಬಗರ್ ಮಾಡ್ಕೋಬೋದು, ಅಣ್ಣ ಬಿದ್ರೆ ತಮ್ಮ ನೋಡ್ಕೋತಾನೆ. ಪಿಐಓ ಅಂತ ಎಂಟು ಪುಟಾಣಿ ಸ್ಟೇಟ್ ಮೆಷಿನ್, ಅಂದ್ರೆ ಪಿನ್ನುಗಳನ್ನ ತಾವೇ ಆಡಿಸೋ ಪುಟ್ಟ ಯಂತ್ರ, ಇದಾವೆ, ಬಣ್ಣದ ಎಲ್ಇಡಿ ಪಟ್ಟಿ ಡಬ್ಲ್ಯುಎಸ್2812 ಇದೆಯಲ್ಲ, ಒಂದೊಂದು ಬಿಟ್ಟಿಗೂ 1.25 ಮೈಕ್ರೋಸೆಕೆಂಡ್ ಲೆಕ್ಕ ತಪ್ಪಬಾರದು, ಆ ತರದ ತಾಳದ ಕೆಲಸ ಇವಕ್ಕೆ ಒಪ್ಪಿಸಿದ್ರೆ ಮುಖ್ಯ ಪ್ರೊಸೆಸರ್ ಆರಾಮಾಗಿರುತ್ತೆ. ಕೊರತೆ ಇಲ್ಲದೇ ಇಲ್ಲ, ಮೊದಲ ಪಿಕೋಗೆ ವೈಫೈ ಇಲ್ಲ, ಅದಕ್ಕೆ 2022ರ ಪಿಕೋ ಡಬ್ಲ್ಯೂ ಬೇಕು.

ಅಂದ ಹಾಗೆ ಪಿಕೋನೂ ರಾಸ್ಪ್‌ಬೆರಿ ಪೈ ಕಂಪ್ಯೂಟರೂ ಒಂದೇ ಅನ್ನೋ ಹಾಗೆ ನಿಮ್ಮ ಪುಟದಲ್ಲಿ ಬಂದಿದೆ. ಒಂದೇ ಮನೆತನ ಅಷ್ಟೇ. ದೊಡ್ಡ ಪೈ ಲಿನಕ್ಸ್ ಓಡಿಸೋ ಪೂರ್ತಿ ಕಂಪ್ಯೂಟರು, ಕ್ಯಾಮೆರಾ ನೋಡಿ ಮುಖ ಗುರುತಿಸೋ ತರದ ಕೆಲಸ ಇದ್ರೆ ಅದು ಬೇಕೇ ಬೇಕು, ಒಂದು ಎಲ್ಇಡಿ ಹತ್ತಿಸೋಕೆ ತಗೊಂಡ್ರೆ ಬೆಟ್ಟ ಅಗೆದು ಇಲಿ ಹಿಡಿದ ಹಾಗೆ, ಮೇಲಾಗಿ ಬರೀತಾ ಇರೋ ಹೊತ್ತಲ್ಲಿ ಕರೆಂಟ್ ಕಿತ್ತರೆ ಎಸ್‌ಡಿ ಕಾರ್ಡ್ ಕೆಡೋ ಭಯ.

ಭಾಷೆಯ ವಿಷಯಕ್ಕೆ ಬರೋಣ, ಜಗಳ ಜಾಸ್ತಿ ಇರೋದೇ ಇಲ್ಲಿ. ಆರ್ಡುಯಿನೋ ಭಾಷೆ ಅಂತ ಬೇರೆ ಭಾಷೆ ಏನಿಲ್ಲ ಸ್ವಾಮಿ, ಅದು ಸಿ ಪ್ಲಸ್ ಪ್ಲಸ್ಸೇ, ಮೇನ್ ಫಂಕ್ಷನ್ನನ್ನ ಹಿಂದೆ ಬಚ್ಚಿಟ್ಟು ಸೆಟಪ್, ಲೂಪ್ ಎರಡನ್ನ ಮುಂದೆ ಇಟ್ಟಿದ್ದಾರೆ. ಸೆನ್ಸಾರ್ ಯಾವುದೇ ತಗೊಳ್ಳಿ ಅದಕ್ಕೊಂದು ರೆಡಿ ಲೈಬ್ರರಿ ಇದರಲ್ಲಿ ಸಿಗುತ್ತೆ, ಹೊಸಬರಿಗೆ ಅದೊಂದೇ ದೊಡ್ಡ ಬಲ. ಆದ್ರೆ ಈ ಭಾಷೆ ನಿಮ್ಮನ್ನ ಪೂರ್ತಿ ನಂಬುತ್ತೆ. ಹತ್ತು ಜಾಗ ಇರೋ ಅರ್ರೇಲಿ, ಅಂದ್ರೆ ಸಾಲಾಗಿ ಜೋಡಿಸಿದ ಡಬ್ಬಿಗಳಲ್ಲಿ, ಹನ್ನೊಂದನೇ ಜಾಗಕ್ಕೆ ಬರೀತೀನಿ ಅಂದ್ರೆ ಬರ್ಕೋ ಅನ್ನುತ್ತೆ, ಪಕ್ಕದಲ್ಲಿದ್ದ ಬೇರೆ ಯಾವುದೋ ವೇರಿಯಬಲ್ ಸದ್ದಿಲ್ಲದೆ ಹಾಳಾಗುತ್ತೆ, ತೊಂದ್ರೆ ಕಾಣೋದು ಇನ್ನೆಲ್ಲೋ.

ಮೈಕ್ರೋಪೈಥಾನ್ ಇದಕ್ಕೆ ಉಲ್ಟಾ. ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದ್ರೆ ಅಲ್ಲೇ ಎಲ್ಇಡಿ ಹತ್ತುತ್ತೆ, ಕಂಪೈಲ್ ಇಲ್ಲ, ಅಪ್‌ಲೋಡ್ ಕಾಯೋದಿಲ್ಲ. ಸೆನ್ಸಾರ್ ಏನು ಹೇಳ್ತಿದೆ ಅಂತ ಅದರ ಜೊತೆ ಮಾತಾಡ್ತಾ ತಿಳ್ಕೋಬೋದು. ಹನ್ನೊಂದನೇ ಜಾಗಕ್ಕೆ ಬರೆಯೋಕೆ ಹೋದ್ರೆ ಅಲ್ಲೇ ನಿಂತು ಇಂಥಾ ಸಾಲಲ್ಲಿ ಇಂಡೆಕ್ಸ್ ತಪ್ಪು ಅಂತ ಹೇಳುತ್ತೆ. ಬೆಲೆ ಏನು ಅಂದ್ರೆ ವೇಗ, ಪಿನ್ನನ್ನ ಆನ್ ಆಫ್ ಮಾಡೋ ತರದ ಲೂಪಲ್ಲಿ ಸಿ ಪ್ಲಸ್ ಪ್ಲಸ್ಸಿಗಿಂತ ಹತ್ತಾರು ಪಟ್ಟು ನಿಧಾನ, ಮಧ್ಯೆ ಮಧ್ಯೆ ಮೆಮೊರಿ ಗುಡಿಸೋಕೆ ಅಂತ ನಿಲ್ಲುತ್ತೆ ಬೇರೆ. ಯೂನೋದ 2 ಕೆಬೀಲಿ ಅದು ಕೂರೋ ಮಾತೇ ಇಲ್ಲ, ಕಡೇ ಪಕ್ಷ 16 ಕೆಬಿ ರ‍್ಯಾಮ್, 256 ಕೆಬಿ ಕೋಡಿನ ಜಾಗ ಕೇಳುತ್ತೆ. ಇದಕ್ಕಿಂತ ನನ್ನನ್ನ ಕಾಡಿದ್ದು ಇನ್ನೊಂದು. ಟ್ಯಾಂಕ್ ತುಂಬಿ ಹರಿದ್ರೆ ಮಾತ್ರ ಓಡಬೇಕಿದ್ದ ಒಂದು ಸಾಲಲ್ಲಿ ನಾನು ವೇರಿಯಬಲ್ ಹೆಸರನ್ನ ತಪ್ಪು ಟೈಪ್ ಮಾಡಿದ್ದೆ. ಮೂರು ವಾರ ಟ್ಯಾಂಕ್ ತುಂಬಿ ಹರಿಯಲೇ ಇಲ್ಲ, ಹಾಗಾಗಿ ಆ ಸಾಲು ಒಂದ್ಸಲಾನೂ ಓಡಲೇ ಇಲ್ಲ. ಹರಿದ ದಿನ ಪಂಪ್ ನಿಲ್ಲಿಸಬೇಕಿದ್ದ ಪ್ರೋಗ್ರಾಂ ನೇಮ್ ಎರರ್ ಅಂತ ಹೇಳಿ ತಾನೇ ನಿಂತ್ಕೊಂಡ್ತು, ಪಂಪ್ ನಡೀತಾನೇ ಇತ್ತು. ಸಿ ಕಂಪೈಲರ್ ಆಗಿದ್ರೆ ಇದನ್ನ ಮೊದಲ ಸೆಕೆಂಡಲ್ಲೇ ಹಿಡೀತಿತ್ತು. ಅಂದ್ರೆ ಸಿ ಕಾಗುಣಿತ ತಪ್ಪನ್ನ ಬೇಗ ಹೇಳಿ ಮೆಮೊರಿ ತಪ್ಪನ್ನ ಮುಚ್ಚಿಡುತ್ತೆ, ಪೈಥಾನ್ ಮೆಮೊರಿ ತಪ್ಪನ್ನ ಹೇಳಿ ಕಾಗುಣಿತ ತಪ್ಪನ್ನ ನೀರು ಹರಿಯೋ ತನಕ ಇಟ್ಕೊಂಡಿರುತ್ತೆ.

ರಸ್ಟ್ ಅನ್ನೋ ಭಾಷೆ ಎರಡನ್ನೂ ಮೊದಲೇ ಹೇಳುತ್ತೆ ಅಂತಾರೆ, ಬಹುಪಾಲು ನಿಜಾನೂ ಹೌದು, ಒಂದೇ ಪಿನ್ನನ್ನ ಎರಡು ಕಡೆ ಬಳಸೋಕೆ ಹೋದ್ರೂ ಕಂಪೈಲರ್ ಬಿಡಲ್ಲ. ನಾನು ಆರು ತಿಂಗಳಿಂದ ಕಲೀತಿದ್ದೀನಿ. ಎಲ್ಇಡಿ ಹತ್ತಿಸೋಕೆ ಒಂದು ವಾರ ತಗೊಂಡೆ, ಕಂಪೈಲರ್ ಹತ್ರ ಬೈಸ್ಕೊಂಡು ಬೈಸ್ಕೊಂಡು ಈಗ ಅದು ನಮ್ಮ ಹಳೇ ಗಣಿತ ಮೇಷ್ಟ್ರ ತರ ಅನ್ಸೋಕೆ ಶುರುವಾಗಿದೆ, ಸಿಟ್ಟು ಬರುತ್ತೆ ಆದ್ರೆ ಹೇಳಿದ್ದು ಸರಿಯಾಗೇ ಇರುತ್ತೆ. ಮೊದಲ ಭಾಷೆಯಾಗಿ ಮಾತ್ರ ಯಾರಿಗೂ ಹೇಳಲ್ಲ, ಎಲ್ಇಡಿ ಹತ್ತದೆ ಒಂದು ವಾರ ಕೂರೋ ತಾಳ್ಮೆ ಎಲ್ಲರಿಗೂ ಇರಲ್ಲ. ಫೋರ್ತ್, ಜಾವಾಸ್ಕ್ರಿಪ್ಟ್ ಇವೆಲ್ಲಾ ಬೋರ್ಡ್ ಮೇಲೆ ಓಡ್ತಾವೆ, ಆಸೆ ಇದ್ದೋರು ಆಡ್ಲಿ, ಸಿಕ್ಕಾಕ್ಕೊಂಡಾಗ ಸಹಾಯಕ್ಕೆ ಬರೋ ಜನ ಕಮ್ಮಿ ಅನ್ನೋದು ನೆನಪಿರ್ಲಿ.

ಇನ್ನೊಂದು ಚಿಕ್ಕ ಬಿನ್ನಹ. ಲೇಖನದ ತುಂಬಾ ಸೂಕ್ಷ್ಮನಿಯಂತ್ರಕ, ಕ್ರಮವಿಧಿ, ಸಂವೇದಕ ಅಂತ ಬರೆದಿದ್ದೀರಿ. ಕನ್ನಡದ ಮೇಲೆ ನನಗೂ ಅಭಿಮಾನ ಇದೆ, ಆದ್ರೆ ಅಕ್ಕನ ಮಗಳು ಕ್ರಮವಿಧಿ ಅಂದ್ರೆ ಏನು ಮಾಮ ಅಂತ ಕೇಳಿ, ನಾನು ಪ್ರೋಗ್ರಾಂ ಕಣೇ ಅಂದಾಗ ನಕ್ಕುಬಿಟ್ಲು. ಮೈಕ್ರೋಕಂಟ್ರೋಲರ್ ಅಂತಲೇ ಬರೀರಿ, ಪಿನ್ನಿಗೆ ಪಿನ್ನು ಅನ್ನಿ. ಅದೆಲ್ಲಾ ಯಾವತ್ತೋ ಕನ್ನಡ ಆಗಿಹೋಗಿದೆ.

ಕೊನೇಗೆ ಅವಳಿಗೆ ಏನು ಹೇಳ್ದೆ ಅಂತ ನೀವು ಕೇಳ್ಬೋದು. ನಾನು ಯಾವ ಬೋರ್ಡೂ ಹೇಳ್ಲಿಲ್ಲ. ಡಬ್ಬದಲ್ಲಿದ್ದ ಹಳೇ ಯೂನೋ, ಒಂದು ಪಿಕೋ ಎರಡನ್ನೂ ಮುಂದೆ ಇಟ್ಟೆ. ಮೊದಲು ಪಿಕೋ ಮೇಲೆ ಮೈಕ್ರೋಪೈಥಾನ್ ಹಾಕಿ ಸೆನ್ಸಾರನ್ನ ಒಣ ಮಣ್ಣಿಗೆ ಚುಚ್ಚಿ ನಂಬರ್ ನೋಡಿದ್ಲು, ನೀರು ಹಾಕಿ ಮತ್ತೆ ನೋಡಿದ್ಲು, ಒಣಗಿದ್ದಾಗ ಜಾಸ್ತಿ ಒದ್ದೆ ಆದಾಗ ಕಮ್ಮಿ ಬರ್ತಿತ್ತು, ಉಲ್ಟಾ ಇದೆಯಲ್ಲ ಮಾಮ ಅಂದ್ಲು, ಆ ಕೆಪಾಸಿಟಿವ್ ಸೆನ್ಸಾರ್ ಇರೋದೇ ಹಾಗೆ. ಆ ಎರಡು ನಂಬರನ್ನ ಪೇಪರ್ ಅಂಚಲ್ಲಿ, ನಿಮ್ಮ ಟೇಬಲ್ ಪಕ್ಕದಲ್ಲೇ, ಬರ್ಕೊಂಡ್ಲು. ಅರ್ಧ ಗಂಟೇಲಿ ಎಲ್ಇಡಿ ಹತ್ತಿತು. ಆಮೇಲೆ ಅದನ್ನೇ ಯೂನೋ ಮೇಲೆ ಸಿ ಪ್ಲಸ್ ಪ್ಲಸ್ಸಲ್ಲಿ ಬರೀತೀನಿ ಅಂತ ಕೂತ್ಲು, ಪಿಕೋಲಿ ನಲವತ್ತು ಸಾವಿರದ ಹತ್ರ ಬರ್ತಿದ್ದ ನಂಬರ್ರು ಇಲ್ಲಿ 1023ರ ಮೇಲೆ ಹೋಗೋದೇ ಇಲ್ಲ ಅಂತ ಗಾಬರಿ ಆದ್ಲು. ಯೂನೋ 10 ಬಿಟ್ಟಲ್ಲಿ ಅಳೆಯುತ್ತೆ, ಮೈಕ್ರೋಪೈಥಾನ್ ಯಾವ ಬೋರ್ಡಾದ್ರೂ 16 ಬಿಟ್ಟಿಗೆ ಹಿಗ್ಗಿಸಿ ಕೊಡುತ್ತೆ, ಅದಕ್ಕೆ. ನಾನು ಹೇಳೋಕೆ ಮುಂಚೆ ಅವಳೇ ಅರ್ಧ ಕಂಡುಹಿಡಿದಿದ್ಲು.

ಮುಂದಿನ ವಾರ ಆ ಟೇಬಲ್ ತಿದ್ದಿ ಹಾಕೋದಾದ್ರೆ ಫ್ಲಾಶ್ ಬೇರೆ ರ‍್ಯಾಮ್ ಬೇರೆ ಮಾಡಿ, ಪಿನ್ನಿನ ವೋಲ್ಟೇಜ್ ಹಾಕಿ, ಮಲಗಿದಾಗ ಬೋರ್ಡು ಪೂರ್ತಿ ಎಷ್ಟು ಕರೆಂಟ್ ತಗೊಳ್ಳುತ್ತೆ ಅನ್ನೋದನ್ನ ಮೀಟರ್ ಹಿಡಿದು ಅಳೆದು ಹಾಕಿ, ಡೀಬಗರ್ ಇದೆಯಾ ಇಲ್ವಾ ಅಂತಾನೂ. ಜಾಗ ಸಾಲಲ್ಲ ಅಂದ್ರೆ ಮೆಗಾಹರ್ಟ್ಸ್ ಕಾಲಂ ತೆಗೀರಿ, ನನ್ನ ಅಭ್ಯಂತರ ಏನಿಲ್ಲ.

ಇತಿ,
ನಿಮ್ಮ ಹಳೇ ಓದುಗ